ಮನೇಲಿ ಹೆರಿಗೆ ಮಾಡಿಸೋ ಕೆಲಸ ಸ್ವಂತವಾಗಿ ಶುರು ಮಾಡ್ಲಾ ಅಕ್ಕ?

(ಹಳ್ಳಿ ಸಬ್‌ಸೆಂಟರಲ್ಲಿ, ಆಮೇಲೆ ಸರ್ಕಾರಿ ಆಸ್ಪತ್ರೆ ಲೇಬರ್ ವಾರ್ಡಲ್ಲಿ ಒಟ್ಟು 33 ವರ್ಷ ಕೆಲಸ ಮಾಡಿ ನಿವೃತ್ತರಾದ ನಮ್ಮ ಸಿಸ್ಟರ್ ಈ ತಿಂಗಳು ಮನೆ ಹೆರಿಗೆ ಬಗ್ಗೆ ಬಂದ ಪತ್ರಗಳಿಗೆ ಉತ್ತರ ಕೊಟ್ಟಿದ್ದಾರೆ.)

ಪ್ರಶ್ನೆ: ಅಕ್ಕ ನಮಸ್ತೆ. ನನಗೆ 36 ವರ್ಷ, ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮಾಡಿದೀನಿ, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಇದೆ, 11 ವರ್ಷದಿಂದ ಒಂದು ಪ್ರೈವೇಟ್ ಆಸ್ಪತ್ರೆ ಲೇಬರ್ ವಾರ್ಡಲ್ಲಿ ಇದೀನಿ. ನಮ್ಮಜ್ಜಿ ಪಾವಗಡ ಕಡೆ ಸೂಲಗಿತ್ತಿ ಆಗಿದ್ರು. ಇಲ್ಲಿ ದಿನಾ ನೋಡ್ತೀನಿ, ನೋವು ಬಂದವಳನ್ನ ಅಂಗಾತ ಮಲಗಿಸಿ ಡ್ರಿಪ್ ಏರಿಸಿ, ಕೂಗಿದ್ರೆ ಗದರಿಸಿ, ಹೊರಗೆ ಕೂತ ಅವರಮ್ಮನ್ನ ಒಳಗೆ ಬಿಡದೆ, ಸಂಜೆ ಆಗ್ತಿದ್ದ ಹಾಗೆ ಆಪರೇಷನ್ ಅಂತಾರೆ. ನಂಗೆ ಸಾಕಾಗಿದೆ. ಕೆಲಸ ಬಿಟ್ಟು ಮನೆ ಮನೆಗೆ ಹೋಗಿ ಹೆರಿಗೆ ಮಾಡಿಸೋ ಸ್ವಂತ ಪ್ರಾಕ್ಟೀಸ್ ಶುರು ಮಾಡ್ಬೇಕು ಅಂತ ಇದೀನಿ. ಕೇಳ್ಕೊಂಡು ಬಂದ ಇಬ್ರು ಆಗ್ಲೇ ರೆಡಿ ಇದಾರೆ. ಎಲ್ಲಿಂದ ಶುರು ಮಾಡ್ಲಿ? ಫೀಸ್ ಎಷ್ಟು ಇಡ್ಲಿ?
— ಹೆಸರು ಬೇಡ, ತುಮಕೂರು

ಉತ್ತರ: ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ನೀವು ಬರೆದಿರೋ ಆ ಗದರಿಸೋದು, ಒಂಟಿಯಾಗಿ ಮಲಗಿಸೋದು ಎಲ್ಲ ನಾನೂ ಕಂಡಿದೀನಿ, ನಿಮ್ಮ ಸಿಟ್ಟು ಸರಿಯಾದ ಸಿಟ್ಟೇ. ಆದ್ರೆ ಆ ಇಬ್ಬರಿಗೂ ಇನ್ನೂ ಹೂಂ ಅನ್ಬೇಡಿ. ಯಾಕೆ ಅಂತ ಹೇಳೋಕೆ ನನ್ನ ಒಂದು ರಾತ್ರಿ ಕಥೆ ಹೇಳ್ಬೇಕು.

ನಾನು ಸಬ್‌ಸೆಂಟರಿಗೆ ಹೋಗಿ ಇನ್ನೂ ಎರಡು ವರ್ಷ ಆಗಿರ್ಲಿಲ್ಲ. ಮೂರನೇ ಹೆರಿಗೆ, ಹಿಂದಿನ ಎರಡೂ ಸಲೀಸಾಗಿ ಆಗಿದ್ವು, ತಲೆ ಕೆಳಗೇ ಇತ್ತು, ಬಿಪಿ ಚೆನ್ನಾಗಿತ್ತು, ಯಾವ ಪುಸ್ತಕ ತೆಗೆದ್ರೂ ಮನೇಲಿ ಆಗಬಹುದಾದ ಹೆರಿಗೆ ಅಂತಲೇ ಅನ್ನೋರು. ಕಂದೀಲು ಬೆಳಕಲ್ಲಿ ಮಗು ಬಂತು, ಅತ್ತಿತು, ಮಾಸೂ ಬಿತ್ತು. ಅತ್ತೆ ಕಾಫಿ ಕಾಸೋಕೆ ಎದ್ರು. ನಾನು ಹೊಟ್ಟೆ ಮೇಲೆ ಕೈ ಇಟ್ಟು ನೋಡಿದ್ರೆ ತೆಂಗಿನಕಾಯಿ ಥರ ಗಟ್ಟಿ ಸಿಗಬೇಕಾದ ಗರ್ಭಕೋಶ ನಾದಿದ ಹಿಟ್ಟಿನ ಹಾಗೆ ಮೆತ್ತಗಿದೆ, ಕೆಳಗೆ ಹಾಸಿದ್ದ ಹಳೇ ಪಂಚೆ ಎತ್ತಿದ್ರೆ ಭಾರ, ಇನ್ನೊಂದು ಹಾಕಿದೆ ಅದೂ ಭಾರ. ಅವಳು "ಸಿಸ್ಟರ್, ಕಣ್ಣು ಕತ್ಲೆ ಬರ್ತಿದೆ" ಅಂದ್ಲು ಅಷ್ಟೆ. ನನ್ನ ಹತ್ರ ಇದ್ದ ಇಂಜೆಕ್ಷನ್ ಕೊಟ್ಟೆ, ಹೊಟ್ಟೆ ಉಜ್ಜಿದೆ, ನಿಲ್ಲಲಿಲ್ಲ. ಆಗ 108 ಎಲ್ಲಿ ಬರ್ಬೇಕು, ಬೆಳಗಿನ ಜಾವದ ಹಾಲಿನ ವ್ಯಾನ್ ಅಡ್ಡ ಹಾಕಿ ಕ್ಯಾನುಗಳ ನಡುವೆ ಅವಳನ್ನ ಮಲಗಿಸಿ, ಒಂದು ಕೈ ಒಳಗೆ ಮುಷ್ಟಿ ಮಾಡಿ ಒಂದು ಕೈ ಹೊಟ್ಟೆ ಮೇಲೆ ಒತ್ತಿ ಹಿಡ್ಕೊಂಡು 14 ಕಿಲೋಮೀಟರ್ ಹೋದೆ. ಕೈ ಮರಗಟ್ಟಿ ಹೋಗಿತ್ತು, ಆಮೇಲೆ ಎರಡು ದಿನ ಚಮಚ ಎತ್ತೋಕೆ ಆಗ್ಲಿಲ್ಲ. ಅವಳು ಉಳಿದ್ಲು. ಆವತ್ತು ತಾಲೂಕು ಆಸ್ಪತ್ರೇಲಿ ಡಾಕ್ಟರ್ ಇದ್ರು, ರಕ್ತ ಕೊಡೋಕೆ ಅವಳ ತಮ್ಮನದೇ ಗ್ರೂಪ್ ಹೊಂದ್ತು, ಅದಕ್ಕೆ ಉಳಿದ್ಲು. ನನ್ನ ಕೈಯಿಂದ ಮಾತ್ರ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ.

ಮಗು ಹುಟ್ಟಿದ ಮೇಲೆ ಹೀಗೆ ರಕ್ತ ಹೋಗೋಕೆ ಶುರುವಾದ್ರೆ ಎರಡು ತಾಸಿನ ಒಳಗೆ ಜೀವ ಹೋಗಬಹುದು, ಮತ್ತೆ ಇದು ಯಾರಿಗೆ ಆಗತ್ತೆ ಅಂತ ಮೊದಲೇ ಹೇಳೋಕೆ ಬರಲ್ಲ. ಅದಕ್ಕೇ ಎಲ್ಲಿಂದ ಶುರು ಮಾಡ್ಲಿ ಅಂದ್ರಲ್ಲ, ನಾನು ಹೇಳೋದು ರಸ್ತೆಯಿಂದ ಶುರು ಮಾಡಿ. ಯಾವ ಏರಿಯಾದಲ್ಲಿ ಕೆಲಸ ಮಾಡ್ತೀರೋ ಅಲ್ಲಿಂದ ರಾತ್ರಿ 2 ಗಂಟೆಗೂ ಸಿಸೇರಿಯನ್ ಮಾಡೋಕಾಗೋ ಆಸ್ಪತ್ರೆಗೆ ಎಷ್ಟು ನಿಮಿಷ ಅಂತ ನೀವೇ ಗಾಡಿ ಹತ್ತಿ ನೋಡಿ, ಮಧ್ಯರಾತ್ರಿ ಒಂದು ಸಲ, ಸಂಜೆ 6 ಗಂಟೆ ಟ್ರಾಫಿಕ್ಕಲ್ಲಿ ಒಂದು ಸಲ, ಮಳೆ ಬರೋ ದಿನ ಒಂದು ಸಲ. ಬೋರ್ಡಲ್ಲಿ 24 ಗಂಟೆ ಅಂತ ಬರೆದಿದ್ರೆ ಸಾಲದು. ಆ ಹೊತ್ತಲ್ಲಿ ಅನಸ್ತೇಶಿಯಾ ಡಾಕ್ಟರ್ ಇರ್ತಾರಾ, ರಕ್ತ ಎಲ್ಲಿಂದ ಬರತ್ತೆ, ಮಕ್ಕಳ ಡಾಕ್ಟರ್ ಕರೆದ್ರೆ ಬರ್ತಾರಾ, ಇದನ್ನ ಒಳಗೆ ಹೋಗಿ ಕೇಳಿ. ಆಮೇಲೆ ಒಬ್ಬ ಗೈನಕಾಲಜಿಸ್ಟ್ ಹತ್ರ ಕೂತು "ನನ್ನ ತಾಯಂದಿರನ್ನ ನೀವು ಮೊದಲೇ ಒಂದು ಸಲ ನೋಡಿ, ತೊಂದರೆ ಆದ್ರೆ ನಾನು ಕರ್ಕೊಂಡು ಬಂದಾಗ ಪ್ರಶ್ನೆ ಕೇಳದೆ ಒಳಗೆ ತಗೊಳ್ಳಿ" ಅಂತ ಒಪ್ಪಿಸಿ, ಬರವಣಿಗೇಲಿ ಒಪ್ಪಿಸಿ. ಅಂಥ ಒಬ್ಬ ಡಾಕ್ಟರೂ ಸಿಗಲಿಲ್ಲ ಅಂದ್ರೆ ಪ್ರಾಕ್ಟೀಸ್ ಶುರು ಮಾಡ್ಲೇಬೇಡಿ, ನಾನು ಇದನ್ನ ಎಷ್ಟು ಗಟ್ಟಿಯಾಗಿ ಬೇಕಾದ್ರೂ ಹೇಳ್ತೀನಿ.

ಇಂಗ್ಲೆಂಡಲ್ಲಿ 2011ರಲ್ಲಿ 64 ಸಾವಿರಕ್ಕೂ ಹೆಚ್ಚು ಹೆರಿಗೆ ಇಟ್ಕೊಂಡು ದೊಡ್ಡ ಅಧ್ಯಯನ ಒಂದು ಬಂತು, ಎಲ್ಲರೂ ತೊಂದರೆ ಕಮ್ಮಿ ಇರೋ ಹೆಂಗಸರೇ. ಮನೇಲಿ ಹೆರಿಗೆ ಆಗಬೇಕು ಅಂತ ಶುರು ಮಾಡಿದ ಚೊಚ್ಚಲ ಬಸುರಿಯರಲ್ಲಿ 100ಕ್ಕೆ 45 ಜನರನ್ನ ಮಧ್ಯದಲ್ಲೋ ಹೆರಿಗೆ ಆದ ಕೂಡಲೇನೋ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾಯ್ತು. ಮೊದಲೇ ಮಗು ಆಗಿದ್ದವರಲ್ಲಿ 12 ಜನ. ಎರಡನೇ ಮೂರನೇ ಹೆರಿಗೆಯವರ ಮಕ್ಕಳಿಗೆ ಮನೆಗೂ ಆಸ್ಪತ್ರೆಗೂ ವ್ಯತ್ಯಾಸ ಕಾಣಲಿಲ್ಲ, ಆದ್ರೆ ಚೊಚ್ಚಲಲ್ಲಿ ಮಗುವಿಗೆ ಅಪಾಯ ಮನೇಲಿ ಜಾಸ್ತಿ ಇತ್ತು. ಅಲ್ಲಿ ಹೆರಿಗೆ ಮಾಡಿಸೋದನ್ನೇ ಓದಿದ ಮಿಡ್‌ವೈಫ್‌ಗಳು, ಫೋನ್ ಮಾಡಿದ್ರೆ ಬರೋ ಆಂಬುಲೆನ್ಸು, ಕಾಯ್ತಾ ಇರೋ ಆಸ್ಪತ್ರೆ, ಇಷ್ಟೆಲ್ಲ ಇದ್ದು ಆ ಲೆಕ್ಕ. ನಿಮ್ಮ ಹತ್ರ ರೆಡಿ ಇರೋ ಇಬ್ಬರಲ್ಲಿ ಚೊಚ್ಚಲು ಯಾರು ಅಂತ ನೀವು ಬರೆದಿಲ್ಲ. ಯಾರಾದ್ರೂ ಇದ್ರೆ ಅವರ ಹೆರಿಗೆ ಮನೇಲಿ ಬೇಡ. ಸಿಸೇರಿಯನ್ ಗಾಯ ಇರೋರು, ಅವಳಿ, ಕುಂಡಿ ಮುಂದಾಗಿರೋ ಮಗು, ಅಡ್ಡ ಮಗು, ಬಿಪಿ, ಶುಗರ್, ಹಿಂದಿನ ಸಲ ರಕ್ತ ಜಾಸ್ತಿ ಹೋದವರು, ರಕ್ತ ಕಮ್ಮಿ ಇರೋರು, 37 ವಾರ ತುಂಬದೋರು, 42 ದಾಟಿದೋರು, ಇವರೂ ಬೇಡ. ಇಷ್ಟು ತೆಗೆದ್ರೆ ಯಾರು ಉಳೀತಾರೆ ಅಂತ ನಿಮಗೆ ಅನ್ಸತ್ತೆ. ಕಮ್ಮಿ ಜನಾನೇ ಉಳೀತಾರೆ ತಂಗಿ.

ಇನ್ನು ಕಾನೂನು. ನಿಮ್ಮ ರಿಜಿಸ್ಟ್ರೇಷನ್ನಲ್ಲಿ ನರ್ಸ್ ಜೊತೆ ಮಿಡ್‌ವೈಫ್ ಅಂತಲೂ ಇರತ್ತೆ, ಅದು ನಿಜ, ಆದ್ರೆ ಮನೆ ಹೆರಿಗೆ ಪ್ರಾಕ್ಟೀಸ್ ಅಂತ ಬೇರೆ ಲೈಸೆನ್ಸ್ ಕೊಡೋ ವ್ಯವಸ್ಥೆ ನಮ್ಮಲ್ಲಿ ಇಲ್ಲ. ನಿಮ್ಮ ಮನೇಲೇ ಒಂದು ರೂಮ್ ಮಾಡಿ ಮಂಚ ಹಾಕಿ ಅಲ್ಲಿಗೆ ಕರೆಸ್ಕೊಂಡು ಹೆರಿಗೆ ಮಾಡಿಸಿದ್ರೆ ಅದು ಹೆರಿಗೆ ಆಸ್ಪತ್ರೆ ಅಂತ ಆಗತ್ತೆ, ಖಾಸಗಿ ಆಸ್ಪತ್ರೆಗಳಿಗೆ ಇರೋ ಕೆಪಿಎಂಇ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಮಾಡೋ ಹಾಗಿಲ್ಲ, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಆಫೀಸಿನವರು ಬಂದು ಬೀಗ ಹಾಕ್ತಾರೆ. ಆಕ್ಸಿಟೋಸಿನ್ (ಗರ್ಭಕೋಶ ಬಿಗಿ ಮಾಡಿ ರಕ್ತ ನಿಲ್ಲಿಸೋ ಇಂಜೆಕ್ಷನ್) ಥರದ ಔಷಧಿಗೆ ಡಾಕ್ಟರ್ ಚೀಟಿ ಬೇಕು, ಅದಕ್ಕೂ ಆ ಗೈನಕಾಲಜಿಸ್ಟ್ ಜೊತೆ ಇರ್ಬೇಕು. ಇನ್ನೊಂದು ವಿಷಯ ನಮ್ಮ ನರ್ಸ್‌ಗಳಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. 2024ರ ಜುಲೈ 1ರಿಂದ ಬಂದಿರೋ ಭಾರತೀಯ ನ್ಯಾಯ ಸಂಹಿತೆ 106ನೇ ಸೆಕ್ಷನ್ನಲ್ಲಿ ನಿರ್ಲಕ್ಷ್ಯದಿಂದ ಸಾವು ಆದ್ರೆ 5 ವರ್ಷದವರೆಗೆ ಶಿಕ್ಷೆ ಇದೆ, ನೋಂದಾಯಿತ ವೈದ್ಯರು ಚಿಕಿತ್ಸೆ ಕೊಡೋವಾಗ ಆದ್ರೆ 2 ವರ್ಷದವರೆಗೆ ಅಂತ ರಿಯಾಯಿತಿ ಇದೆ, ಆ ರಿಯಾಯಿತಿ ಡಾಕ್ಟರಿಗೆ ಮಾತ್ರ, ನಮಗಿಲ್ಲ. ಹೆದರಿಸೋಕೆ ಬರೀತಿಲ್ಲ, ನಿಮ್ಮ ಮನೇಲೂ ಮಕ್ಕಳಿರಬಹುದು, ತಿಳ್ಕೊಂಡು ಕಾಲಿಡಿ ಅಂತ. ಇನ್ಶೂರೆನ್ಸ್ ತಗೊಳ್ಳೋದಾದ್ರೆ ಏಜೆಂಟ್ ಮಾತು ನಂಬಬೇಡಿ, ಮನೇಲಿ ಮಾಡಿಸಿದ ಹೆರಿಗೆಗೂ ಈ ಪಾಲಿಸಿ ಅನ್ವಯ ಆಗತ್ತೆ ಅಂತ ಕಂಪನಿಯಿಂದಲೇ ಬರೆಸ್ಕೊಳ್ಳಿ.

ಒಂಟಿಯಾಗಿ ಹೋಗೋದಂತೂ ಬೇಡವೇ ಬೇಡ. ತಾಯಿಗೆ ಒಬ್ರು, ಮಗುವಿಗೆ ಒಬ್ರು, ಇಬ್ರೂ ಕಲಿತವರು ಇರ್ಬೇಕು. ಮಗು ಅಳದೆ ನೀಲಿಯಾಗಿ ಬಿತ್ತು ಅಂದ್ರೆ ಮೊದಲ ಒಂದು ನಿಮಿಷದೊಳಗೆ ಅಂಬು ಬ್ಯಾಗಲ್ಲಿ (ಕೈಯಲ್ಲಿ ಒತ್ತಿ ಗಾಳಿ ಕೊಡೋ ಚೀಲ) ಉಸಿರು ಕೊಡೋಕೆ ಶುರುವಾಗ್ಬೇಕು, ಅದೇ ನಿಮಿಷದಲ್ಲಿ ತಾಯಿಗೂ ರಕ್ತ ಹರೀತಿದ್ರೆ ನಿಮ್ಮ ಎರಡು ಕೈ ಎಲ್ಲಿಗೆ ಹೋಗತ್ತೆ? ಮಗು ಅಳತೆಯ ಮಾಸ್ಕು ನಿಮ್ಮ ಬ್ಯಾಗಲ್ಲಿ ಮೇಲೇ ಇರ್ಲಿ. ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ತಂಪಲ್ಲಿ ಇರ್ಬೇಕು, ಐಸ್‌ಪ್ಯಾಕ್ ಹಾಕಿದ ಡಬ್ಬೀಲಿ ಒಯ್ಯಿ, ಸ್ಕೂಟರ್ ಡಿಕ್ಕೀಲಿ ಬಿಸಿಲಿಗೆ ಬೆಂದ ಆಂಪ್ಯೂಲ್ ಕೊಟ್ರೆ ನೀರು ಕೊಟ್ಟ ಹಾಗೆ. ಮಗುವಿನ ಎದೆಬಡಿತ ಡಾಪ್ಲರ್‌ನಲ್ಲಿ ಕೇಳಿದ್ದನ್ನ ಹೊತ್ತು ಹಾಕಿ ಬರೀರಿ, ಮಗು ಇನ್ನೇನು ಬರತ್ತೆ ಅನ್ನೋ ಹೊತ್ತಲ್ಲಂತೂ 5 ನಿಮಿಷಕ್ಕೊಂದು ಸಲ. ಸೂಜಿಗೆ ಗಟ್ಟಿ ಡಬ್ಬಿ ಬೇಕು, ಅದು ಆಸ್ಪತ್ರೆ ತ್ಯಾಜ್ಯಕ್ಕೇ ಹೋಗ್ಬೇಕು, ಅವರ ಮನೆ ಕಸದ ಬುಟ್ಟಿಗಲ್ಲ.

ಫೀಸ್ ವಿಷಯ. ಮೊತ್ತ ನಿಮ್ಮ ಊರು ನೋಡಿ ನೀವೇ ಇಡಿ, ಆದ್ರೆ ಒಂದು ಮಾತು ಕೇಳಿ, ಇಡೀ ಬಸುರಿ ಆರೈಕೆಯಿಂದ ಬಾಣಂತನದ ತನಕ ಒಂದೇ ಫೀಸು ಇಡಿ, ಹೆರಿಗೆ ಮನೇಲಿ ಆದ್ರೂ ಅಷ್ಟೇ, ಅರ್ಧ ದಾರೀಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ರೂ ಅಷ್ಟೇ. ಮನೇಲಿ ಆದ್ರೆ ಮಾತ್ರ ಪೂರ್ತಿ ದುಡ್ಡು ಅಂತ ಇಟ್ರೆ ಒಂದಲ್ಲ ಒಂದು ರಾತ್ರಿ "ಇನ್ನೊಂದು ಅರ್ಧ ಗಂಟೆ ನೋಡೋಣ" ಅಂತ ನಿಮ್ಮ ಮನಸ್ಸು ಹೇಳತ್ತೆ, ಅದು ದುಡ್ಡಿನ ಮಾತು ಅಂತ ಆಗ ನಿಮಗೇ ಗೊತ್ತಾಗಲ್ಲ. ಆ ಅರ್ಧ ಗಂಟೇಲೇ ಎಲ್ಲ ಇರೋದು. ತಿಂಗಳಿಗೆ ಎರಡು ಮೂರಕ್ಕಿಂತ ಜಾಸ್ತಿ ಒಪ್ಕೋಬೇಡಿ, ದಿನ ತುಂಬಿದವರಿಬ್ಬರಿಗೆ ಒಂದೇ ರಾತ್ರಿ ನೋವು ಬಂದ್ರೆ ಯಾರ ಮನೆಗೆ ಹೋಗ್ತೀರ?

ಹಾಗಾದ್ರೆ ಏನು ಮಾಡ್ಬೇಕು ಅಂತೀರ. ನನ್ನ ಅಭಿಪ್ರಾಯದಲ್ಲಿ ಸ್ವಂತ ಪ್ರಾಕ್ಟೀಸ್ ಮಾಡಿ, ಮೊದಲ ಎರಡು ವರ್ಷ ಹೆರಿಗೆ ಮಾತ್ರ ಬೇಡ. ಬಸುರಿಯರ ಮನೆಗೆ ಹೋಗಿ ಬಿಪಿ ನೋಡೋದು, ಕೂತು ಮಾತಾಡೋದು, ನೋವು ಶುರುವಾದಾಗ ಮನೇಲೇ ಜೊತೆಗಿದ್ದು ಓಡಾಡಿಸಿ ಬೆನ್ನು ಉಜ್ಜಿ ಸರಿಯಾದ ಹೊತ್ತಿಗೆ ಆಸ್ಪತ್ರೆಗೆ ಅವಳ ಜೊತೇಲೇ ಹೋಗೋದು (ಬೇಗ ಹೋಗಿ ಅಡ್ಮಿಟ್ ಆಗಿ ಡ್ರಿಪ್ ಹಾಕಿಸ್ಕೊಳ್ಳೋದು ಇದರಿಂದಲೇ ಎಷ್ಟೋ ತಪ್ಪತ್ತೆ), ಆಮೇಲೆ ಬಾಣಂತಿ ಆರೈಕೆ. ಬಾಣಂತಿ ಮನೇಲಿ ನಮ್ಮವರು ಎಷ್ಟು ಪ್ರೀತಿ ಮಾಡ್ತಾರೋ ಅಷ್ಟೇ ತಪ್ಪೂ ಮಾಡ್ತಾರೆ, ನೀರು ಕುಡಿದ್ರೆ ಹೊಟ್ಟೆ ಬರತ್ತೆ ಅಂತ ಎರಡು ಲೋಟಕ್ಕೆ ನಿಲ್ಲಿಸ್ತಾರೆ, ಹೊಗೆ ತುಂಬಿದ ಕೋಣೇಲಿ ಕೂಡಿಸ್ತಾರೆ, ಗಿಣ್ಣು ಹಾಲು ಹಿಂಡಿ ಚೆಲ್ಲಿಸ್ತಾರೆ. ಮಗು ಹಳದಿ ಆಗ್ತಿರೋದನ್ನ, ಹೊಲಿಗೆ ಬಿಟ್ಟಿರೋದನ್ನ, ಡಿಸ್ಚಾರ್ಜ್ ಆದ ಮೇಲೆ ಬಿಪಿ ಏರಿ ತಲೆ ಸಿಡೀತಿದೆ ಅಂತ ಅವಳು ಅಂದಾಗ ಅದನ್ನ ಅರ್ಥ ಮಾಡ್ಕೊಳ್ಳೋ ಕಣ್ಣು ಮನೇಲಿ ಯಾರಿಗೂ ಇರಲ್ಲ. ಅದು ನಿಮಗಿದೆ. ಆಶಾ ಅಕ್ಕಂದಿರು 42 ದಿನದ ತನಕ ಬರ್ತಾರೆ, ಆದ್ರೆ ಅವರ ತಲೆ ಮೇಲೆ ಹಾಕಿರೋ ಕೆಲಸ ನಿಮಗೂ ಗೊತ್ತು. ಈ ಕೆಲಸಕ್ಕೆ ಜನ ದುಡ್ಡು ಕೊಡ್ತಾರೆ, ನಾನು ನೋಡಿದೀನಿ.

ಅದರ ಜೊತೆ ಓದಿ. 2018ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗೆ ಮಾರ್ಗಸೂಚಿ ತಂತು, ಜಿಎನ್‌ಎಂ ಅಥವಾ ಬಿಎಸ್ಸಿ ಆಗಿ 2 ವರ್ಷ ಅನುಭವ ಇರೋ ನರ್ಸ್‌ಗಳಿಗೆ 18 ತಿಂಗಳ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಕೋರ್ಸ್ ಇದೆ. ಅದು ಮುಗಿಸಿದವರು ಮಿಡ್‌ವೈಫ್‌ಗಳೇ ನಡೆಸೋ ಹೆರಿಗೆ ಘಟಕದಲ್ಲಿ ಕೆಲಸ ಮಾಡ್ತಾರೆ, ಅಂದ್ರೆ ದೊಡ್ಡಾಸ್ಪತ್ರೆ ಒಳಗೇ, ಆಪರೇಷನ್ ಥಿಯೇಟರ್ ಪಕ್ಕದಲ್ಲೇ, ಆದ್ರೆ ಹೆಂಗಸು ಎದ್ದು ಓಡಾಡಬಹುದು, ಕುಕ್ಕರಗಾಲಲ್ಲಿ ಕೂತು ಹೆರಬಹುದು, ಅವರಮ್ಮ ಪಕ್ಕದಲ್ಲಿ ಇರಬಹುದು. ನಿಮ್ಮ ಪತ್ರದಲ್ಲಿ ಬೇಕು ಅಂತ ಬರೆದಿರೋದು ಇದೇ ಅಲ್ವಾ? ನನಗಂತೂ ಮನೆ ಅನ್ನೋದಕ್ಕಿಂತ ಇದೇ ಅನ್ಸತ್ತೆ. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯವರು ಸರ್ಕಾರಕ್ಕಿಂತ ಮೊದಲೇ ಇಂಥ ಮಿಡ್‌ವೈಫ್‌ಗಳನ್ನ ತಯಾರು ಮಾಡ್ತಾ ಬಂದಿದಾರೆ, ಪಾವಗಡದವರಿಗೆ ತೆಲುಗು ಹೊಸದಲ್ಲ, ಅಲ್ಲಿ ವಿಚಾರಿಸಿ ನೋಡಿ.

ನಿಮ್ಮಜ್ಜಿ ಪಾವಗಡದವರು ಅಂದಾಗ ಸೂಲಗಿತ್ತಿ ನರಸಮ್ಮನವರೇ ಕಣ್ಣ ಮುಂದೆ ಬಂದ್ರು. ಪಾವಗಡ ತಾಲೂಕಿನ ಕೃಷ್ಣಾಪುರದವರು, 15 ಸಾವಿರಕ್ಕೂ ಹೆಚ್ಚು ಹೆರಿಗೆ, ಒಂದು ಪೈಸೆ ತಗೊಳ್ಳಲಿಲ್ಲ, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡ್ರು. ಅವರ ಹೆಸರು ಹೇಳಿ "ಆಗಿನವರು ಆಸ್ಪತ್ರೆ ಇಲ್ಲದೆ ಹೆರಲಿಲ್ವಾ" ಅನ್ನೋರು ತುಂಬಾ ಜನ ಸಿಗ್ತಾರೆ ನಿಮಗೆ. ಹೆತ್ರು, ಸತ್ತೂ ಹೋದ್ರು, ಪ್ರತಿ ಮನೇಲೂ ಹೆರಿಗೇಲಿ ಹೋದ ಒಬ್ಬ ಅಜ್ಜಿನೋ ಅತ್ತೆನೋ ಇದಾರೆ, ಕೇಳಿ ನೋಡಿ. ಈಗ ಕರ್ನಾಟಕದಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೇಲಿ ಆಗ್ತಿವೆ, 2018-20ರ ಲೆಕ್ಕದಲ್ಲಿ ಲಕ್ಷ ಹೆರಿಗೆಗೆ 69 ತಾಯಂದಿರ ಸಾವು, ಅದೂ ಜಾಸ್ತಿನೇ. ನರಸಮ್ಮನವರಿಂದ ನಾವು ತಗೋಬೇಕಾಗಿರೋದು ಆ ತಾಳ್ಮೆ, ಹೊಟ್ಟೆ ಮೇಲೆ ಕೈ ಇಟ್ರೆ ಮಗು ಹೇಗೆ ಮಲಗಿದೆ ಅಂತ ಹೇಳೋ ಆ ಕೈ. ಬೇರೆ ದಾರಿ ಇಲ್ಲದ ಕಾಲದಲ್ಲಿ ಅವರು ಅಷ್ಟು ಮಾಡಿದ್ರು, ದಾರಿ ಇರೋ ಕಾಲದಲ್ಲಿ ನಾವು ಅದನ್ನ ಬಿಡೋದು ಅವರಿಗೆ ಕೊಡೋ ಮರ್ಯಾದೆ ಅಲ್ಲ.

ಪ್ರಶ್ನೆ: ಮೇಡಂ, ನನ್ನ ಮೊದಲನೇದು ಸಿಸೇರಿಯನ್, ಮೂರು ವರ್ಷ ಆಯ್ತು. ಈಗ 7 ತಿಂಗಳು. ಈ ಸಲ ನಾರ್ಮಲ್ ಆಗ್ಲೇಬೇಕು ಅಂತ ಆಸೆ. ಪರಿಚಯದ ಒಬ್ರು ಡೌಲಾ ಇದಾರೆ, ಬಾಡಿಗೆಗೆ ಟಬ್ ತರಿಸಿ ಫ್ಲ್ಯಾಟಲ್ಲೇ ಮಾಡೋಣ, ಹೆದರೋದು ಬಿಟ್ರೆ ಸಾಕು ಮೈ ತಾನೇ ಹೆರತ್ತೆ ಅಂತಾರೆ. ಗಂಡ ಬೇಡ ಅಂತಿದಾರೆ. ಏನು ಹೇಳ್ತೀರಿ?
— ಬೆಂಗಳೂರು

ಉತ್ತರ: ನಿಮ್ಮ ಗಂಡ ಹೇಳ್ತಿರೋದು ಸರಿ ಕಣಮ್ಮ. ನಾರ್ಮಲ್ ಆಗ್ಬೇಕು ಅನ್ನೋ ಆಸೇನೂ ಸರಿ, ಜಾಗ ಮಾತ್ರ ತಪ್ಪು. ಸಿಸೇರಿಯನ್ ಆದವರು ಮುಂದಿನ ಸಲ ನಾರ್ಮಲ್ ಆಗೋಕೆ ನೋಡಿದಾಗ ಸುಮಾರು 200ರಲ್ಲಿ ಒಬ್ಬರಿಗೆ ಹಳೇ ಹೊಲಿಗೆ ಜಾಗದಲ್ಲಿ ಗರ್ಭಕೋಶ ಬಿಟ್ಕೊಳ್ಳತ್ತೆ. 199 ಜನಕ್ಕೆ ಹಾಗೆ ಆಗಲ್ಲ, ಆದ್ರೆ ಆ ಒಬ್ಬರಿಗೆ ಆದಾಗ ಮಗುವನ್ನ ಹೊರಗೆ ತೆಗೆಯೋಕೆ ಇರೋದು ನಿಮಿಷಗಳು ಮಾತ್ರ, ಫ್ಲ್ಯಾಟಿಂದ ಲಿಫ್ಟ್ ಇಳಿದು ಸಿಗ್ನಲ್ ದಾಟಿ ಹೋಗೋವಷ್ಟು ಹೊತ್ತು ಅದು ಕಾಯಲ್ಲ. ಅದಕ್ಕೆ ಇದು ಥಿಯೇಟರ್ ಇರೋ ಕಟ್ಟಡದಲ್ಲೇ ಆಗ್ಬೇಕು.

ಇನ್ನೊಂದು, ಡೌಲಾ ಬೇರೆ ಮಿಡ್‌ವೈಫ್ ಬೇರೆ. ಡೌಲಾ ಅಂದ್ರೆ ಜೊತೆಗಿದ್ದು ಧೈರ್ಯ ಹೇಳೋರು, ಬೆನ್ನು ಒತ್ತೋರು, ಒಳ್ಳೇ ಕೆಲಸವೇ, ನನಗೆ ಅವರ ಮೇಲೆ ಗೌರವ ಇದೆ, ಆದ್ರೆ ಹೆರಿಗೆ ಮಾಡಿಸೋಕೆ, ರಕ್ತ ನಿಲ್ಲಿಸೋಕೆ, ಮಗುವಿಗೆ ಉಸಿರು ಕೊಡೋಕೆ ಅವರು ಕಲಿತಿರಲ್ಲ. 2018ರಲ್ಲಿ ತಿರುಪ್ಪೂರಲ್ಲಿ ಯೂಟ್ಯೂಬ್ ನೋಡ್ಕೊಂಡು ಮನೇಲೇ ಹೆರಿಗೆ ಮಾಡೋಕೆ ಹೋಗಿ ಒಬ್ಬ ಟೀಚರ್ ರಕ್ತ ಹೋಗಿ ತೀರಿಕೊಂಡಿದ್ದು ಪೇಪರಲ್ಲಿ ಓದಿರ್ತೀರಿ. ಮಗು ಉಳೀತು.

ನೀವು ಈ ವಾರ ಎರಡು ಮೂರು ಆಸ್ಪತ್ರೆಗೆ ಹೋಗಿ, ಹಳೇ ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ ತಗೊಂಡು ಹೋಗಿ, ಯಾಕೆ ಕೊಯ್ದಿದ್ರು, ಗರ್ಭಕೋಶದ ಮೇಲೆ ಗಾಯ ಅಡ್ಡಕ್ಕಿದೆಯಾ ಉದ್ದಕ್ಕಿದೆಯಾ ಅಂತ ಅದರಲ್ಲಿರತ್ತೆ. ನೇರ ಕೇಳಿ, ಸಿಸೇರಿಯನ್ ಆದ ಮೇಲೆ ನಾರ್ಮಲ್ ಎಷ್ಟು ಜನಕ್ಕೆ ಮಾಡಿಸಿದೀರಿ, ರಾತ್ರಿ ಥಿಯೇಟರ್ ರೆಡಿ ಇರತ್ತಾ, ನನ್ನ ಜೊತೆ ಒಬ್ರನ್ನ ಬಿಡ್ತೀರಾ, ಓಡಾಡಬಹುದಾ. ಮುಖ ಗಂಟು ಹಾಕ್ಕೊಂಡು ಉತ್ತರ ಕೊಟ್ರೆ ಮುಂದಿನ ಆಸ್ಪತ್ರೆಗೆ ಹೋಗಿ. ಡೌಲಾನ ಬಿಡ್ಬೇಡಿ, ಆಸ್ಪತ್ರೆಗೇ ಕರ್ಕೊಂಡು ಹೋಗಿ.

ಪ್ರಶ್ನೆ: ಮಗಳು ಅಳಿಯ ನೆದರ್ಲೆಂಡ್ಸಲ್ಲಿ ಐಂಡ್‌ಹೋವನ್ನಲ್ಲಿ ಇದಾರೆ. ಎರಡನೇ ಬಸುರಿ. ಅಲ್ಲಿ ಡಾಕ್ಟರ್ ನೋಡೋದೇ ಇಲ್ವಂತೆ, ಮಿಡ್‌ವೈಫ್ ಒಬ್ರೇ ನೋಡ್ತಾರಂತೆ, ಮನೇಲೇ ಹೆರಿಗೆ ಮಾಡಿಸ್ಕೊಳ್ತೀರಾ ಅಂತ ಕೇಳಿದಾರಂತೆ. ಮಗಳು ಹೂಂ ಅಂದಿದಾಳೆ. ನನಗೆ ನಿದ್ದೆ ಬರ್ತಿಲ್ಲ. ಬೇಡ ಅಂತ ಹೇಳ್ಲಾ?
— ಒಬ್ಬ ತಾಯಿ, ಮೈಸೂರು

ಉತ್ತರ: ಅಮ್ಮ, ಮೇಲೆ ಅಷ್ಟೆಲ್ಲ ಬೇಡ ಅಂದವಳು ಇಲ್ಲಿ ಬೇರೆ ಹೇಳ್ತಿದೀನಿ ಅನ್ಕೋಬೇಡಿ. ಆ ದೇಶದಲ್ಲಿ ಮಿಡ್‌ವೈಫ್ ಅಂದ್ರೆ 4 ವರ್ಷ ಅದನ್ನೇ ಓದಿದವರು, ಇಬ್ರು ಮೂರ್ನಾಲ್ಕು ಜನ ಸೇರಿ ಸ್ವಂತ ಪ್ರಾಕ್ಟೀಸ್ ಇಟ್ಕೊಂಡಿರ್ತಾರೆ, ಇನ್ಶೂರೆನ್ಸ್ ದುಡ್ಡು ಕೊಡತ್ತೆ, ಯಾವ ಬಸುರೀನ ಆಸ್ಪತ್ರೆಗೆ ಕಳಿಸ್ಬೇಕು ಅಂತ ಬರೆದಿಟ್ಟ ನಿಯಮ ಇದೆ, ಕಳಿಸಿದ್ರೆ ಆಸ್ಪತ್ರೆಯವರು ಬೈಯ್ಯಲ್ಲ. ನಮ್ಮ ತುಮಕೂರಿನ ತಂಗಿ ಒಂಟಿಯಾಗಿ ಕಟ್ಟಬೇಕು ಅಂತಿರೋದನ್ನ ಅಲ್ಲಿ ಇಡೀ ದೇಶ ಸೇರಿ ಕಟ್ಟಿದೆ. ಹೆರಿಗೆ ಆದ ಮೇಲೆ ಕ್ರಾಮ್‌ಜೋರ್ಖ್ ಅನ್ನೋ ಸೇವೆಯಿಂದ ಒಬ್ಬರು ಸುಮಾರು ಒಂದು ವಾರ ದಿನಾ ಮನೆಗೆ ಬಂದು ಬಾಣಂತಿ ಮಗು ಇಬ್ಬರನ್ನೂ ನೋಡ್ಕೋತಾರೆ, ಟೆಂಪರೇಚರ್ ನೋಡಿ ಬರೀತಾರೆ, ಹಾಲು ಕುಡಿಸೋದು ಹೇಳಿಕೊಡ್ತಾರೆ. ನಿಜ ಹೇಳ್ತೀನಿ, ನನಗೆ ಅದು ಓದಿದಾಗ ಹೊಟ್ಟೆಕಿಚ್ಚಾಯ್ತು.

ಮಗಳ ಮೊದಲನೇ ಹೆರಿಗೆ ನಾರ್ಮಲ್ ಆಗಿತ್ತಾ, ಈ ಸಲ ಬಿಪಿ ಶುಗರ್ ಇಲ್ವಾ, ಅದನ್ನ ಕೇಳಿ. ಎಲ್ಲ ಸರಿ ಇದ್ರೆ ಬೇಡ ಅನ್ನೋಕೆ ನನ್ನ ಹತ್ರ ಕಾರಣ ಇಲ್ಲ. ಮೂರನೇ ಮಹಡೀಲಿ ಇದ್ದು ಮೆಟ್ಟಿಲು ಕಡಿದಾಗಿದ್ರೆ ಮಾತ್ರ ಇಳಿಸೋದು ಹೇಗೆ ಅಂತ ಮಿಡ್‌ವೈಫ್ ಹತ್ರ ಮಾತಾಡು ಅನ್ನಿ. ಹೋಗೋವಾಗ ಅಂಟಿನುಂಡೆ ಮಾಡ್ಕೊಂಡು ಹೋಗಿ, ಮಗಳಿಗೆ ಇಷ್ಟ ಇದ್ರೆ ಎಣ್ಣೆ ಸ್ನಾನಾನೂ ಮಾಡ್ಸಿ, ಹಸುಗೂಸಿನ ಮೂಗು ಕಿವಿಗೆ ಮಾತ್ರ ಎಣ್ಣೆ ಬಿಡ್ಬೇಡಿ.

ಪ್ರಶ್ನೆ: ಅಕ್ಕಾರ, ನಮ್ಮ ಆಯಿಗೆ 72 ವರ್ಷ, ಮೊದಲಿಂದ ಸೂಲಗಿತ್ತಿ. ಇನ್ನೂ ಮಂದಿ ಕರೀಲಿಕ್ಕೆ ಬರ್ತಾರ. ಆಶಾ ಅಕ್ಕ ಬೈತಾರ, ಆಯಿ ಮುಖ ಸಣ್ಣ ಮಾಡ್ಕೊಂಡು ಕೂಡ್ತಾಳ. ಹೋದ ತಿಂಗಳ ನಮ್ಮ ಕಾಕಾನ ಸೊಸಿಗೆ ರಾತ್ರಿ ಬ್ಯಾನಿ ಬಂತು, 108 ಬರೂದ್ರಾಗ ಆಯಿ ಕೈಯಾಗ ಕೂಸು ಹುಟ್ಟಿತು, ಗಾಡಿ ಬಂದಮ್ಯಾಲ ಯಾರೂ ದವಾಖಾನಿಗೆ ಹೋಗಲಿಲ್ಲ. ಈಗ ಕೂಸಿನ ಸರ್ಟಿಫಿಕೇಟ್ ಹ್ಯಾಂಗ ತಗೋಬೇಕು? ಆಯಿ ಇನ್ನ ಮ್ಯಾಲೆ ಹೋಗಬೇಕೋ ಬ್ಯಾಡೋ?
— ಯಾದಗಿರಿ ಜಿಲ್ಲೆ

ಉತ್ತರ: ಆಯಿ ಬಗ್ಗೆ ಮೊದಲು. ಯಾರಾದ್ರೂ ಕರೆದ್ರೆ ಆಯಿ ಹೋಗ್ಲಿ, ಆದ್ರೆ ಮನೇಲಿ ಕೂತು ಹೆರಿಗೆ ಮಾಡಿಸೋಕಲ್ಲ, ಅವಳ ಕೈ ಹಿಡ್ಕೊಂಡು ಆಸ್ಪತ್ರೆಗೆ ಹೋಗೋಕೆ. ಸರ್ಕಾರಿ ಆಸ್ಪತ್ರೇಲಿ ಹೆರಿಗೆ ಹೊತ್ತಲ್ಲಿ ಜೊತೆಗೆ ಒಬ್ಬ ಹೆಂಗಸು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಎಷ್ಟೋ ಕಡೆ ಬಿಡಲ್ಲ, ಗೊತ್ತು, ಕೇಳಿ, ಜಗಳ ಆಡದೆ ಆದ್ರೆ ಬಿಡದೆ ಕೇಳಿ. ನಮ್ಮ ವಾರ್ಡಲ್ಲಿ ಒಬ್ಬ ಮುದುಕಮ್ಮ ಬರ್ತಿದ್ರು, ಮಾತೇ ಆಡ್ತಿರ್ಲಿಲ್ಲ, ನೋವು ಬಂದಾಗ ಸೊಂಟಕ್ಕೆ ಅಂಗೈ ಒತ್ತಿ ಹಿಡಿಯೋರು, ಹೋದಾಗ ಬಿಡೋರು, ಅವರು ಇದ್ದ ಮಂಚದಿಂದ ಕೂಗು ಕೇಳಿಸ್ತಿರ್ಲಿಲ್ಲ. ಆಶಾ ಅಕ್ಕನ್ನ ಮನೆಗೆ ಕರೆದು ಚಹಾ ಕೊಟ್ಟು ಇಬ್ಬರನ್ನೂ ಕೂಡ್ಸಿ ಮಾತಾಡ್ಸಿ, ಯಾವ ಮನೇಲಿ ಯಾರಿಗೆ ದಿನ ತುಂಬ್ತಾ ಬಂದಿದೆ ಅಂತ ಆಯಿಗೇ ಮೊದಲು ಗೊತ್ತಿರತ್ತೆ, ಆಶಾಗೆ ಅದು ಬೇಕು.

ಹೋದ ತಿಂಗಳ ಥರ ಗಾಡಿ ಬರೋದ್ರೊಳಗೆ ಹುಟ್ಟೇ ಬಿಟ್ರೆ, ಕೈ ಸೋಪಲ್ಲಿ ತೊಳೀಬೇಕು, ಮಗು ಒರೆಸಿ ತಾಯಿ ಎದೆ ಮೇಲೆ ಮಲಗಿಸಿ ಇಬ್ಬರಿಗೂ ಸೇರಿಸಿ ಹೊದಿಸ್ಬೇಕು, ಹೊಕ್ಕುಳ ಬಳ್ಳಿ ಕುಯ್ಯೋ ಅವಸರ ಬೇಡ, 108ರವರ ಹತ್ರ ಶುದ್ಧ ಬ್ಲೇಡು ಇರತ್ತೆ, ಹೊಕ್ಕುಳಿಗೆ ಬೂದಿ ಅರಿಶಿನ ಹಚ್ಚಬೇಡಿ. ಹೊಟ್ಟೆ ಮೇಲೆ ಕೂತು ಒತ್ತೋದು, ಮಾಸು ಎಳೆಯೋದು, ಊರಲ್ಲಿ ಯಾರನ್ನೋ ಕರೆದು ನೋವಿನ ಇಂಜೆಕ್ಷನ್ ಹಾಕಿಸೋದು, ಈ ಮೂರು ಯಾವತ್ತೂ ಬೇಡ. ಗಾಡಿ ಬಂದ ಮೇಲೆ ಮಗು ಹುಟ್ಟಿದೆಯಲ್ಲ ಅಂತ ಬಿಡಬಾರದು, ಇಬ್ಬರನ್ನೂ ಹತ್ತಿಸ್ಲೇಬೇಕು. ರಕ್ತ ಹೋಗೋದು ಆಮೇಲೆ.

ಸರ್ಟಿಫಿಕೇಟ್ ವಿಷಯ. ಮನೇಲಿ ಹುಟ್ಟಿದ್ರೆ 21 ದಿನದೊಳಗೆ ಮನೆ ಯಜಮಾನರೇ ಜನನ ನೋಂದಣಿ ಆಫೀಸಿಗೆ ಹೋಗಿ ಬರೆಸ್ಬೇಕಿತ್ತು. 30 ದಿನದೊಳಗಾದ್ರೆ ಸ್ವಲ್ಪ ತಡದ ಫೀಸ್ ಕಟ್ಟಿ ಆಗತ್ತೆ, ಅದು ದಾಟಿ ಒಂದು ವರ್ಷದೊಳಗಾದ್ರೆ ಮೇಲಿನ ಅಧಿಕಾರಿ ಲಿಖಿತ ಒಪ್ಪಿಗೆ ಬೇಕು, ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟ್ ಆರ್ಡರ್ ತನಕ ಹೋಗತ್ತೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸೋಕೂ ಅದೇ ಸರ್ಟಿಫಿಕೇಟ್ ಕೇಳ್ತಾರೆ. ನಿಮ್ಮದು ಹೋದ ತಿಂಗಳು ಅಂದ್ರೆ ದಿನ ಎಣಿಸಿ, 30 ಆಗಿಲ್ಲ ಅಂದ್ರೆ ನಾಳೆನೇ ಹೋಗಿ. ತಾಯಿ ಕಾರ್ಡ್, ಅಪ್ಪ ಅಮ್ಮನ ಆಧಾರ್ ತಗೊಂಡು ಹೋಗಿ, 108ಕ್ಕೆ ಫೋನ್ ಮಾಡಿದ ರಾತ್ರಿ ತಾರೀಕು ಮೊಬೈಲಲ್ಲಿ ಇದ್ರೆ ಅಳಿಸ್ಬೇಡಿ. ಅದೇ ದಾರೀಲಿ ಪಿಎಚ್‌ಸಿಗೆ ಹೋಗಿ ಬಿಸಿಜಿ ಹಾಕಿಸಿ, ಬಾಣಂತೀನೂ ಒಮ್ಮೆ ತೋರ್ಸಿ, 6 ವಾರ ತುಂಬಿದಾಗ ಮುಂದಿನ ಲಸಿಕೆ ಇದೆ. ಆಯಿನೂ ಕರ್ಕೊಂಡು ಹೋಗಿ. ಜನನ ಆಗಿದ್ದನ್ನ ತಿಳಿಸ್ಬೇಕಾದವರು ಯಾರ್ಯಾರು ಅಂತ 1969ರ ಜನನ ಮರಣ ನೋಂದಣಿ ಕಾಯ್ದೇಲಿ ಹೇಳಿರೋ ಕಡೆ ಹೆರಿಗೆ ಹೊತ್ತಲ್ಲಿ ಇದ್ದ ಸೂಲಗಿತ್ತಿನೂ ಇದಾರೆ, ಕೂಸು ಯಾವ ಹೊತ್ತಿಗೆ ಹುಟ್ಟಿತು ಅಂತ ಅಲ್ಲಿ ಆಯಿನೇ ಹೇಳ್ಲಿ.